ಅಡ್ವಾನ್ಸ್ ದುಡ್ಡು ಯಾರ ಹತ್ತಿರ ಇದ್ದರೆ ಒಳ್ಳೆಯದು? ಬಾಡಿಗೆದಾರರಿಗೊಂದು ಹೋಲಿಕೆ

ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು ಅಂತ ಕೇಳುತ್ತೇವೆ. ಆಮೇಲೆ ಅಡ್ವಾನ್ಸ್ ಎಷ್ಟು ಅಂತ ಕೇಳುತ್ತೇವೆ. ಇನ್ನೊಂದು ಪ್ರಶ್ನೆ ಇದೆ, ಅದು ಯಾರ ಬಾಯಲ್ಲೂ ಬರುವುದಿಲ್ಲ. ನಾನು ಮನೆ ಖಾಲಿ ಮಾಡುವ ತನಕ ಈ ದುಡ್ಡು ಎಲ್ಲಿರುತ್ತದೆ? ಮಾಲೀಕರ ಖಾತೆಯಲ್ಲೋ, ಬ್ಯಾಂಕಿನಲ್ಲಿ ನನ್ನದೇ ಹೆಸರಲ್ಲೋ, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರ ಬಳಿಯೋ?

ನನಗೆ ಈ ಪ್ರಶ್ನೆ ಕಲಿಸಿದ್ದು ಒಂದು ಹಲಗೆ. ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿನ ತಳದಲ್ಲಿತ್ತು. ನಾನು ಆ ಮನೆಗೆ ಹೋದ ದಿನವೇ ಅದು ನೀರು ಕುಡಿದು ಉಬ್ಬಿತ್ತು, ಅಂಚು ಪದರ ಪದರವಾಗಿ ಎದ್ದಿತ್ತು. ಬಾಗಿಲು ಹಾಕಿದರೆ ಕಾಣಲ್ವಲ್ಲ ಅಂತ ಸುಮ್ನೆ ಬಿಟ್ಟೆ. ಮೂರು ವರ್ಷ ಕಳೆದು ಬೀಗದ ಕೈ ಒಪ್ಪಿಸುವ ದಿನ ಮಾಲೀಕರು ಮೊಬೈಲ್ ಟಾರ್ಚ್ ಹಾಕಿಕೊಂಡು, ಮಂಡಿಯೂರಿ ಕೂತು, ಮೊದಲು ತೆಗೆದದ್ದೇ ಆ ಬಾಗಿಲು. "ಇದು ಮೊದಲು ಹೀಗಿರಲಿಲ್ಲ" ಅಂದರು. "ಹೀಗೇ ಇತ್ತು ಸಾರ್" ಅಂದೆ. ನನ್ನ ಫೋನಲ್ಲಿ ಹಾಲ್‌ನ ಗೋಡೆಯ ಫೋಟೊ ಇತ್ತು, ಕಿಟಕಿಯದ್ದಿತ್ತು, ಬಾತ್‌ರೂಮಿನ ಟೈಲ್ಸಿನದ್ದಿತ್ತು. ಸಿಂಕ್ ಕೆಳಗಿನದ್ದು ಇರಲಿಲ್ಲ. ಅರ್ಧ ತಿಂಗಳ ಬಾಡಿಗೆಯಷ್ಟು ಮುರಿದುಕೊಂಡರು.

ಆ ಹಲಗೆಗೆ ಅಷ್ಟು ಬೆಲೆ ಇರಲಿಲ್ಲ. ಆದರೆ ದುಡ್ಡು ಅವರ ಕೈಲಿತ್ತು, ಕೈ ಒಡ್ಡಿ ನಿಂತವನು ನಾನು. ಅದೇ ದುಡ್ಡು ಮೂರನೆಯವರ ಬಳಿ ಇದ್ದಿದ್ದರೆ ಹಲಗೆ ಹಾಳಾದದ್ದು ನನ್ನಿಂದ ಅಂತ ತೋರಿಸುವ ಕೆಲಸ ಅವರದಾಗುತ್ತಿತ್ತು. ಹಾಗಾಗಿ ಅಡ್ವಾನ್ಸ್ ಎಷ್ಟು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಅದು ಯಾರ ಕೈಲಿರುತ್ತದೆ ಅನ್ನುವುದರ ಮೇಲೆ ಇಲ್ಲಿ ಹೋಲಿಸುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಅಡ್ವಾನ್ಸ್ ಅಂದರೆ ಮುಂಗಡ ಬಾಡಿಗೆಯಲ್ಲ. ಅದು ನಿಮ್ಮದೇ ದುಡ್ಡು. ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ಅಂತ ಜಾಮೀನಾಗಿ ಇಟ್ಟಿರುತ್ತೀರಿ, ಅಷ್ಟೇ. ಆದರೆ ಕೊಡುವ ಎಲ್ಲ ದುಡ್ಡೂ ವಾಪಸ್ ಬರುವ ಜಾತಿಯದ್ದಲ್ಲ. ಜಪಾನಿನಲ್ಲಿ ಮನೆ ಹಿಡಿಯುವಾಗ ಎರಡು ಮೊತ್ತ ಕೇಳುವುದುಂಟು. ಶಿಕಿಕಿನ್ ಅನ್ನುವುದು ಡಿಪಾಸಿಟ್, ವಾಪಸ್ ಬರುತ್ತದೆ. ರೇಕಿನ್ ಅನ್ನುವುದು ಮಾಲೀಕರಿಗೆ ಕೃತಜ್ಞತೆಯ ಕಾಣಿಕೆ, ಕೊಟ್ಟರೆ ಮುಗಿಯಿತು. ಬೇರೆ ಕಡೆ ಇಷ್ಟು ಚೊಕ್ಕವಾಗಿ ಹೆಸರಿಟ್ಟಿರುವುದಿಲ್ಲ. "ಪ್ರೊಸೆಸಿಂಗ್", "ಮೇಂಟೆನೆನ್ಸ್" ಅಂತ ಅಡ್ವಾನ್ಸ್ ಜೊತೆಗೇ ಸೇರಿಸಿಬಿಡುತ್ತಾರೆ. ಆದ್ದರಿಂದ ಒಟ್ಟು ಮೊತ್ತದಲ್ಲಿ ವಾಪಸ್ ಬರುವುದು ಎಷ್ಟು, ಬರದಿರುವುದು ಎಷ್ಟು ಅಂತ ಎರಡು ಸಾಲಿನಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ.

ದುಡ್ಡು ನೇರ ಮಾಲೀಕರ ಕೈಗೆ

ಇದು ಎಲ್ಲಕ್ಕಿಂತ ಹಳೆಯ ದಾರಿ, ಎಲ್ಲಕ್ಕಿಂತ ಸುಲಭವೂ ಹೌದು. ಟ್ರಾನ್ಸ್‌ಫರ್ ಮಾಡಿದರೆ ಆಯಿತು, ಅರ್ಜಿ ಇಲ್ಲ, ನೋಂದಣಿ ಇಲ್ಲ. ತೊಂದರೆ ಶುರುವಾಗುವುದು ಕೊನೆಯ ದಿನ. ಎಷ್ಟೋ ಮಾಲೀಕರು ಆ ದುಡ್ಡನ್ನು ತೆಗೆದಿಟ್ಟಿರುವುದಿಲ್ಲ. ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹಾಕಿರುತ್ತಾರೆ. ಹೊಸ ಬಾಡಿಗೆದಾರ ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡುತ್ತೇನೆ ಅನ್ನುವ ಮಾತು ಹುಟ್ಟುವುದೇ ಇಲ್ಲಿಂದ. ಅವರು ಕೆಟ್ಟವರು ಅಂತಲ್ಲ. ಆ ದುಡ್ಡು ಸಾಲ ಅಂತ ಅವರಿಗೆ ಅನಿಸಿರುವುದೇ ಇಲ್ಲ.

ಇದಕ್ಕೆ ಕಾನೂನುಗಳು ಎರಡು ಕಡೆಯಿಂದ ಕಡಿವಾಣ ಹಾಕುತ್ತವೆ. ಒಂದು, ಮೊತ್ತಕ್ಕೆ ಮಿತಿ. ಭಾರತದ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಗರಿಷ್ಠ 2 ತಿಂಗಳ ಬಾಡಿಗೆ ಅಂತಿದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅಲ್ಲಿ ಜಾರಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2019ರಿಂದ ಸಾಮಾನ್ಯವಾಗಿ 1 ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈ 1ರಿಂದ 1 ತಿಂಗಳು, ಒಂದೆರಡು ಮನೆ ಇಟ್ಟುಕೊಂಡಿರುವ ಸಣ್ಣ ಮಾಲೀಕರಿಗೆ ಮಾತ್ರ 2 ತಿಂಗಳ ರಿಯಾಯಿತಿ.

ಎರಡನೆಯ ಕಡಿವಾಣ ಗಡುವು. ನನ್ನ ಮಟ್ಟಿಗೆ ಮಿತಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಖಾಲಿ ಮಾಡಿದ 21 ದಿನದೊಳಗೆ ದುಡ್ಡು ಕೊಡಬೇಕು, ಏನಾದರೂ ಮುರಿದುಕೊಂಡಿದ್ದರೆ ಅದರ ಪಟ್ಟಿಯನ್ನೂ ಕೊಡಬೇಕು. ನ್ಯೂಯಾರ್ಕ್‌ನಲ್ಲಿ 14 ದಿನ. ಅಷ್ಟರಲ್ಲಿ ಪಟ್ಟಿ ಕೊಡದಿದ್ದರೆ ಒಂದು ಕಾಸನ್ನೂ ಹಿಡಿದುಕೊಳ್ಳುವ ಹಕ್ಕು ಮಾಲೀಕರಿಗೆ ಉಳಿಯುವುದಿಲ್ಲ. ಎಂಥಾ ಸರಳ ನಿಯಮ ನೋಡಿ. ಜಗಳವಾಡಬೇಕಾಗಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು.

ನೀವಿರುವ ಕಡೆ ಇಂಥ ಕಾನೂನು ಇಲ್ಲದಿದ್ದರೆ ಅದನ್ನೇ ಕರಾರಿನಲ್ಲಿ ಬರೆಸಿಕೊಳ್ಳಬಹುದು. "ಬೀಗದ ಕೈ ಒಪ್ಪಿಸಿದ ಇಷ್ಟು ದಿನದೊಳಗೆ, ಕಡಿತವಿದ್ದರೆ ಬಿಲ್ ಸಮೇತ" ಅನ್ನುವ ಒಂದು ಸಾಲು. "ಇದೆಲ್ಲ ಯಾಕೆ, ನಂಬಿಕೆ ಇಲ್ವಾ?" ಅಂತ ಕೇಳುವವರಿದ್ದಾರೆ. ನಂಬಿಕೆ ಇದೆ, ಜ್ಞಾಪಕಶಕ್ತಿ ಮೇಲೆ ಇಲ್ಲ ಅಂತ ನಕ್ಕು ಹೇಳಿ. ದುಡ್ಡನ್ನು ಮಾತ್ರ ನಗದಾಗಿ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ರಸೀದಿ ಕೈಗೆ ಬಂದ ಮೇಲೆ ಕೊಡಿ.

ಮೂರನೆಯವರ ಬಳಿ

ನನ್ನನ್ನು ಕೇಳಿದರೆ ಈ ಸೌಲಭ್ಯ ಇರುವ ಕಡೆ ಬೇರೆ ಯೋಚನೆಯೇ ಬೇಡ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡಿಪಾಸಿಟ್ಟಿಗೆ ಬಾಂಡ್ ಅನ್ನುತ್ತಾರೆ. ಗರಿಷ್ಠ 4 ವಾರದ ಬಾಡಿಗೆ, ಅದು ಹೋಗಿ ಕೂರುವುದು ಸರ್ಕಾರದ ಇಲಾಖೆಯಲ್ಲಿ. ನ್ಯೂಜಿಲೆಂಡ್‌ನಲ್ಲೂ 4 ವಾರದ ಮಿತಿ, ಮಾಲೀಕರು ಪಡೆದ 23 ಕೆಲಸದ ದಿನಗಳೊಳಗೆ ಸರ್ಕಾರದ ಬಾಡಿಗೆ ಸೇವಾ ವಿಭಾಗಕ್ಕೆ ಕಟ್ಟಬೇಕು. ಖಾಲಿ ಮಾಡುವಾಗ ಇಬ್ಬರೂ ಒಪ್ಪಿದರೆ ದುಡ್ಡು ಹೊರಗೆ ಬರುತ್ತದೆ. ಒಪ್ಪದಿದ್ದರೆ ನ್ಯಾಯಮಂಡಳಿ ತೀರ್ಮಾನ ಮಾಡುವ ತನಕ ಅಲ್ಲೇ ಇರುತ್ತದೆ. ಮಾಲೀಕರು ಮುನಿಸಿಕೊಂಡರೂ ದುಡ್ಡು ಕರಗುವುದಿಲ್ಲ.

ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಇಂಥದ್ದೊಂದು ವ್ಯವಸ್ಥೆ ಇದೆ. ಡಿಪಾಸಿಟ್ ಪಡೆದ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಅದಕ್ಕೆ ರಕ್ಷಣೆ ಕೊಡಿಸಬೇಕು, ಬಾಡಿಗೆದಾರರಿಗೆ ಅದರ ವಿವರವನ್ನೂ ಕೊಡಬೇಕು. ಕೊಡಿಸದಿದ್ದರೆ ಡಿಪಾಸಿಟ್ಟಿನ 1ರಿಂದ 3 ಪಟ್ಟು ದಂಡವನ್ನು ಬಾಡಿಗೆದಾರನಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. 2019ರ ಜೂನ್‌ನಿಂದ ಮೊತ್ತಕ್ಕೂ ಮಿತಿ ಬಂತು: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ 5 ವಾರ, ಅದಕ್ಕಿಂತ ಮೇಲಾದರೆ 6 ವಾರ.

ಅಲ್ಲೊಂದು ಸೂಕ್ಷ್ಮ ಇದೆ. ರಕ್ಷಣೆಯಲ್ಲಿ ಎರಡು ಬಗೆ. ಒಂದರಲ್ಲಿ ದುಡ್ಡೇ ಯೋಜನೆಯವರ ಬಳಿ ಇರುತ್ತದೆ. ಇನ್ನೊಂದರಲ್ಲಿ ದುಡ್ಡು ಮಾಲೀಕರ ಬಳಿಯೇ ಇದ್ದು, ಅವರು ಅದಕ್ಕೆ ವಿಮೆ ಮಾಡಿಸಿರುತ್ತಾರೆ. ಕಾಗದದ ಮೇಲೆ ಎರಡೂ ಸುರಕ್ಷಿತ. ಆದರೆ ಎರಡನೆಯದರಲ್ಲಿ ಜಗಳ ಬಂದಾಗ ಮೊದಲು ಮಾಲೀಕರ ಕೈಯಿಂದ ದುಡ್ಡು ಯೋಜನೆಗೆ ಬರಬೇಕು. ಆಯ್ಕೆ ಸಾಮಾನ್ಯವಾಗಿ ಮಾಲೀಕರದ್ದೇ. ಆದರೂ ಯಾವ ಬಗೆ ಅಂತ ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಅಲ್ಲಿಗೆ ಓದಲು, ಕೆಲಸಕ್ಕೆ ಹೋಗುವವರು ಇನ್ನೊಂದು ಮಾಡಬೇಕು. ಬಾಡಿಗೆ ಶುರುವಾಗಿ ಒಂದು ತಿಂಗಳಾದ ಮೇಲೆ ಆ ಯೋಜನೆಗಳ ವೆಬ್‌ಸೈಟಿಗೆ ಹೋಗಿ ನಿಮ್ಮ ಹೆಸರು ಇದೆಯಾ ನೋಡಿ. ಹತ್ತು ನಿಮಿಷದ ಕೆಲಸ.

ಬ್ಯಾಂಕಿನಲ್ಲಿ, ನಿಮ್ಮದೇ ಹೆಸರಲ್ಲಿ

ಇದು ಸ್ವಿಸ್ ಪದ್ಧತಿ. ಅಲ್ಲಿ ವಾಸದ ಮನೆಯ ಡಿಪಾಸಿಟ್ 3 ತಿಂಗಳ ಬಾಡಿಗೆ ಮೀರುವಂತಿಲ್ಲ, ಅದನ್ನು ಬಾಡಿಗೆದಾರನ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇಡಬೇಕು. ಇಬ್ಬರ ಒಪ್ಪಿಗೆ ಇಲ್ಲದೆ, ಅಥವಾ ಕೋರ್ಟಿನ ಆದೇಶದಂಥದ್ದು ಇಲ್ಲದೆ ಬ್ಯಾಂಕು ದುಡ್ಡು ಬಿಡುವುದಿಲ್ಲ. ಬಾಡಿಗೆ ಮುಗಿದು 1 ವರ್ಷದೊಳಗೆ ಮಾಲೀಕರು ಕಾನೂನು ಪ್ರಕಾರ ಹಕ್ಕು ಮಂಡಿಸದಿದ್ದರೆ ಬಾಡಿಗೆದಾರ ನೇರ ಬ್ಯಾಂಕಿಗೆ ಹೋಗಿ ಕೇಳಬಹುದು. ಸುಮ್ಮನೆ ಕೂತರೆ ದುಡ್ಡು ಯಾರ ಕಡೆ ವಾಲುತ್ತದೆ ಅನ್ನುವುದನ್ನು ಗಮನಿಸಿ. ಮಾಲೀಕರ ಕೈಲಿದ್ದಾಗ ಸುಮ್ಮನಿದ್ದವರಿಗೇ ಲಾಭ, ಅಂದರೆ ಮಾಲೀಕರಿಗೆ. ಇಲ್ಲಿ ಸುಮ್ಮನಿದ್ದರೆ ಲಾಭ ನಿಮಗೆ.

ಜರ್ಮನಿಯದ್ದು ಇದಕ್ಕೂ ಮೊದಲನೆಯದಕ್ಕೂ ನಡುವಿನ ದಾರಿ. ಹೀಟಿಂಗ್, ನೀರು ಇತ್ಯಾದಿ ಬಿಟ್ಟ ಬರೀ ಬಾಡಿಗೆಯ ಮೂರು ಪಟ್ಟು ಗರಿಷ್ಠ. ದುಡ್ಡು ಮಾಲೀಕರ ಕೈಗೇ ಹೋಗುತ್ತದೆ, ಆದರೆ ಅವರ ಸ್ವಂತ ಆಸ್ತಿಯ ಜೊತೆ ಬೆರೆಸುವಂತಿಲ್ಲ, ಬಡ್ಡಿ ಬಂದರೆ ಅದೂ ಬಾಡಿಗೆದಾರನಿಗೇ. ಮಾಲೀಕ ದಿವಾಳಿಯಾದರೂ ನಿಮ್ಮ ದುಡ್ಡು ಅವನಿಗೆ ಸಾಲ ಕೊಟ್ಟವರ ಪಾಲಾಗದಿರಲಿ ಅಂತ ಈ ಬೇರ್ಪಡಿಕೆ. ಹೊಸದಾಗಿ ಹೋದವರಿಗೆ ಗೊತ್ತಿರದ ಇನ್ನೊಂದು ಹಕ್ಕೂ ಇದೆ. ಡಿಪಾಸಿಟ್ಟನ್ನು ಮೂರು ಸಮ ಕಂತುಗಳಲ್ಲಿ, ತಿಂಗಳಿಗೊಂದರಂತೆ ಕಟ್ಟಬಹುದು. ಒಂದೇ ಸಲ ಕಟ್ಟು ಅಂತ ಹಠ ಹಿಡಿಯುವಂತಿಲ್ಲ. ಬೇಜಾರಿನ ಸಂಗತಿ ಅಂದರೆ ವಾಪಸ್ ಬರಲು ಅಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಹೀಟಿಂಗ್ ಲೆಕ್ಕ ವರ್ಷಕ್ಕೊಮ್ಮೆ ಬರುವುದರಿಂದ ಅದಕ್ಕೆಂದು ಒಂದಷ್ಟು ಹಿಡಿದಿಟ್ಟುಕೊಳ್ಳುತ್ತಾರೆ.

ಡಿಪಾಸಿಟ್ ಬೇಡ, ಫೀಸ್ ಕೊಡಿ

ಕೇಳಲು ಬಲು ಚೆನ್ನಾಗಿರುತ್ತದೆ. ದೊಡ್ಡ ಮೊತ್ತ ಕಟ್ಟಬೇಕಾಗಿಲ್ಲ, ಒಂದು ಕಂಪನಿ ನಿಮ್ಮ ಪರ ಜಾಮೀನು ನಿಲ್ಲುತ್ತದೆ, ನೀವು ಅದಕ್ಕೆ ಸಣ್ಣ ಫೀಸ್ ಕಟ್ಟುತ್ತೀರಿ. ಬ್ರಿಟನ್ನಿನಲ್ಲಿ ಇದು ಹೆಚ್ಚುಕಮ್ಮಿ ಒಂದು ವಾರದ ಬಾಡಿಗೆಯಷ್ಟಿರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ನಲ್ಲಿ ಡಿಪಾಸಿಟ್ಟಿನ ಇಷ್ಟು ಶೇಕಡಾ ಅಂತ ವರ್ಷ ವರ್ಷ ಕಟ್ಟುವುದಿರುತ್ತದೆ.

ಇದನ್ನು ವಿಮೆ ಅಂತ ತಿಳಿದು ಮೋಸಹೋಗುವವರೇ ಜಾಸ್ತಿ. ವಿಮೆ ಇರುವುದು ಮಾಲೀಕರಿಗೆ, ನಿಮಗಲ್ಲ. ನೀವು ಕಿಟಕಿ ಗಾಜು ಒಡೆದರೆ ಕಂಪನಿ ಮಾಲೀಕರಿಗೆ ದುಡ್ಡು ಕೊಟ್ಟು, ಆಮೇಲೆ ಅದೇ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡುತ್ತದೆ. ಫೀಸೂ ಹೋಯಿತು, ಗಾಜಿನ ದುಡ್ಡೂ ಹೋಯಿತು.

ಹಾಗಂತ ಇದು ಯಾವಾಗಲೂ ನಷ್ಟದ ಬಾಬತ್ತಲ್ಲ, ಲೆಕ್ಕ ಹಾಕಬೇಕು. ಡಿಪಾಸಿಟ್ 300, ವರ್ಷದ ಫೀಸ್ ಅದರ ಶೇ 5, ಅಂದರೆ 15 ಅಂತಿಟ್ಟುಕೊಳ್ಳಿ. ಕೈಲಿ 300 ಇದ್ದು ಅದು ಶೇ 6ರ ಬಡ್ಡಿ ತರುತ್ತಿದ್ದರೆ ವರ್ಷಕ್ಕೆ 18 ಬರುತ್ತದೆ, ಫೀಸ್ ಕಟ್ಟಿದರೂ 3 ಉಳಿಯಿತು. ಬಡ್ಡಿ ಶೇ 3 ಆದರೆ ಬರುವುದು 9, ಅಲ್ಲಿಗೆ 6 ಕೈಬಿಟ್ಟಿತು. ಕೈಲಿ ದುಡ್ಡೇ ಇಲ್ಲ, ಸಾಲ ಮಾಡಬೇಕು ಅನ್ನುವ ಸ್ಥಿತಿಯಲ್ಲಿ ಶೇ 5 ಅನ್ನುವುದು ಎಷ್ಟೋ ಅಗ್ಗ. ಒಂದೇ ಸಲ ಕಟ್ಟುವ ಫೀಸ್ ಆದರೆ ಎಷ್ಟು ಕಾಲ ಇರುತ್ತೀರಿ ಅನ್ನುವುದನ್ನೂ ನೋಡಬೇಕು. ಐದು ವಾರದ ಡಿಪಾಸಿಟ್ಟಿಗೆ ಬದಲು ಒಂದು ವಾರದ ಫೀಸ್ ಅಂದರೆ ಶೇ 20. ಆರೇ ತಿಂಗಳಿಗೆ ಮನೆ ಬಿಡುವವರು ಅಷ್ಟು ಕೊಡುವುದು ದುಬಾರಿ. ಪ್ರತಿ ವರ್ಷ ನವೀಕರಣದ ಫೀಸ್ ಬೇರೆ ಇದೆಯಾ ಅಂತಲೂ ಕೇಳಿ, ಅದನ್ನು ಅವರಾಗಿ ಹೇಳುವುದು ಕಡಿಮೆ.

ಜಾಸ್ತಿ ಅಡ್ವಾನ್ಸ್, ಕಮ್ಮಿ ಬಾಡಿಗೆ

ಕಾನೂನಿನ ಮಿತಿ ಇಲ್ಲದ ಕಡೆ ಈ ಚೌಕಾಸಿ ನಡೆದೇ ನಡೆಯುತ್ತದೆ. ಮಾಲೀಕರು ಎರಡು ದಾರಿ ಮುಂದಿಡುತ್ತಾರೆ. ಒಂದು, 200 ಅಡ್ವಾನ್ಸ್, ತಿಂಗಳಿಗೆ 108 ಬಾಡಿಗೆ. ಇನ್ನೊಂದು, 1,000 ಅಡ್ವಾನ್ಸ್, 100 ಬಾಡಿಗೆ. ಎರಡನೆಯದರಲ್ಲಿ ನೀವು 800 ಜಾಸ್ತಿ ಕಟ್ಟಿರುತ್ತೀರಿ. ಅದಕ್ಕೆ ಶೇ 6ರ ಹಾಗೆ ಬರಬಹುದಾಗಿದ್ದ ಬಡ್ಡಿ ವರ್ಷಕ್ಕೆ 48. ಬಾಡಿಗೆಯಲ್ಲಿ ಉಳಿದದ್ದು ತಿಂಗಳಿಗೆ 8, ವರ್ಷಕ್ಕೆ 96. ಅಲ್ಲಿಗೆ 48 ಲಾಭ. ಆದರೆ ಆ 800ನ್ನು ಶೇ 14ರ ಪರ್ಸನಲ್ ಲೋನ್ ತೆಗೆದು ಕೊಟ್ಟಿದ್ದರೆ ಬಡ್ಡಿಯೇ 112, ವರ್ಷಕ್ಕೆ 16 ಕೈಯಿಂದ ಹೋಯಿತು. ಸಾಲ ಮಾಡಿ ದೊಡ್ಡ ಅಡ್ವಾನ್ಸ್ ಕೊಡುವವರು ಈ ಲೆಕ್ಕ ಹಾಕಿರುವುದೇ ಇಲ್ಲ.

ಲಾಭ ಇದ್ದರೂ ಪೂರ್ತಿ ಖುಷಿಪಡಬೇಡಿ. ವರ್ಷಕ್ಕೆ 48ರಂತೆ ಮೂರು ವರ್ಷಕ್ಕೆ 144. ಖಾಲಿ ಮಾಡುವಾಗ "ಪೇಂಟಿಂಗು, ಕ್ಲೀನಿಂಗು" ಅಂತ 150 ಮುರಿದುಕೊಂಡರೆ ಮೂರು ವರ್ಷದ ಉಳಿತಾಯ ಒಂದು ಮಧ್ಯಾಹ್ನದಲ್ಲಿ ಖಲಾಸ್. ಮೊತ್ತ ದೊಡ್ಡದಾದಷ್ಟೂ ಮುರಿದುಕೊಳ್ಳುವ ಕೈಯೂ ಧಾರಾಳವಾಗುತ್ತದೆ ಅನ್ನುವುದು ನಾನು ಕಂಡದ್ದು.

ಇದೇ ದಾರಿಯಲ್ಲಿ ತುದಿ ತನಕ ಹೋದರೆ ಭೋಗ್ಯ. ದೊಡ್ಡ ಮೊತ್ತ ಒಂದೇ ಸಲ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ವಾಯಿದೆ ಮುಗಿದಾಗ ಪೂರ್ತಿ ವಾಪಸ್. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ದೇಶ ದಕ್ಷಿಣ ಕೊರಿಯಾ. ಅಲ್ಲಿ ಅದರ ಹೆಸರು ಜಾನ್ಸೆ. ಮನೆಯ ಬೆಲೆಯ ಅರ್ಧಕ್ಕಿಂತಲೂ ಜಾಸ್ತಿ ಕೊಡುವುದು ಅಲ್ಲಿ ಮಾಮೂಲು, ಸಾಮಾನ್ಯವಾಗಿ 2 ವರ್ಷದ ಕರಾರು. ಮಾಲೀಕರು ಆ ದುಡ್ಡಿನಿಂದ ಇನ್ನೊಂದು ಮನೆ ಕೊಳ್ಳುತ್ತಿದ್ದರು. ಹಳೆಯ ಬಾಡಿಗೆದಾರನಿಗೆ ಕೊಡಲು ಹೊಸ ಬಾಡಿಗೆದಾರನ ದುಡ್ಡನ್ನೇ ನೆಚ್ಚಿಕೊಂಡಿದ್ದರು. ಮನೆ ಬೆಲೆ ಏರುತ್ತಿರುವ ತನಕ ಚಕ್ರ ತಿರುಗಿತು. 2022ರಲ್ಲಿ ಬಡ್ಡಿ ದರ ಏರಿ ಮನೆ ಬೆಲೆ ಇಳಿದಾಗ ಹೊಸಬರು ಕೊಡುವ ಮೊತ್ತ ಹಳಬರಿಗೆ ಕೊಡಬೇಕಾದ್ದಕ್ಕಿಂತ ಕಡಿಮೆಯಾಯಿತು. ವಂಚನೆ ಮಾಡಲೆಂದೇ ಮನೆಗಳನ್ನು ಗುಡ್ಡೆ ಹಾಕಿಕೊಂಡವರ ಬಣ್ಣವೂ ಆಗಲೇ ಬಯಲಾಯಿತು. ಸಾವಿರಾರು ಜನ, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ದುಡ್ಡು ಕಳೆದುಕೊಂಡರು. 2023ರಲ್ಲಿ ಅವರಿಗಾಗಿಯೇ ವಿಶೇಷ ಕಾಯ್ದೆ ತರಬೇಕಾಯಿತು.

ಭೋಗ್ಯದ ಲೆಕ್ಕ ಹೀಗೆ: ಬಾಡಿಗೆ ತಿಂಗಳಿಗೆ 100 ಆದರೆ ವರ್ಷಕ್ಕೆ 1,200. ಶೇ 6ರ ಬಡ್ಡಿಯಲ್ಲಿ ಅಷ್ಟು ತರಲು 20,000 ಬೇಕು. ಮಾಲೀಕರು 15,000 ಕೇಳಿದರೆ ನೀವು ಕಳೆದುಕೊಳ್ಳುವ ಬಡ್ಡಿ 900, ಉಳಿಯುವುದು 300. ಆ 300ಕ್ಕಾಗಿ 15,000ವನ್ನು ಒಬ್ಬರ ಕೈಲಿಡುತ್ತಿದ್ದೀರಿ. ಆ ಮನೆಯ ಮೇಲೆ ಬ್ಯಾಂಕಿನ ಅಡಮಾನ ಇದೆಯೇ? ಇದ್ದರೆ ಮನೆ ಹರಾಜಾದಾಗ ಮೊದಲ ಪಾಲು ಬ್ಯಾಂಕಿನದು, ಉಳಿದರೆ ನಿಮಗೆ. ಕೊರಿಯಾದಲ್ಲಿ ಕರಾರಿನ ಮೇಲೆ ಅಧಿಕೃತ ದಿನಾಂಕದ ಮುದ್ರೆ ಹಾಕಿಸಿ, ವಿಳಾಸ ಬದಲಾವಣೆ ದಾಖಲಿಸಿ, ಮನೆಯಲ್ಲಿ ವಾಸವಿದ್ದರೆ ಆಮೇಲೆ ಮಾಲೀಕರಿಗೆ ಸಾಲ ಕೊಟ್ಟವರಿಗಿಂತ ಬಾಡಿಗೆದಾರನಿಗೆ ಮೊದಲ ಸರದಿ ಸಿಗುತ್ತದೆ. ಡಿಪಾಸಿಟ್ ವಾಪಸಾತಿಗೆ ಗ್ಯಾರಂಟಿ ವಿಮೆಯೂ ಇದೆ. ನೋಂದಣಿ ಇಲ್ಲ, ಆಸ್ತಿಯ ಸಾಲದ ದಾಖಲೆ ತೋರಿಸಲ್ಲ ಅನ್ನುವ ಭೋಗ್ಯಕ್ಕೆ ಮಾತ್ರ ಎಷ್ಟೇ ಒಳ್ಳೆ ಮನೆಯಾದರೂ ನಾನು ಕೈ ಹಾಕುವುದಿಲ್ಲ.

ಮುರಿದುಕೊಳ್ಳುವ ಮಾತು

ದುಡ್ಡು ಎಲ್ಲೇ ಇರಲಿ, ಕೊನೆಗೆ ಜಗಳ ಬರುವುದು ಸವಕಳಿ ಯಾವುದು, ಹಾನಿ ಯಾವುದು ಅನ್ನುವುದರ ಮೇಲೆ. ಮಂಚ ಇದ್ದ ಕಡೆ ನೆಲದ ಬಣ್ಣ ಸ್ವಲ್ಪ ಬೇರೆಯಾದದ್ದು, ಬಿಸಿಲಿಗೆ ಗೋಡೆ ಮಾಸಿದ್ದು, ನಲ್ಲಿಯ ವಾಷರ್ ಸವೆದದ್ದು ಸವಕಳಿ. ಗೋಡೆಗೆ ಡ್ರಿಲ್ ಹೊಡೆದು ಪ್ಲಾಸ್ಟರ್ ಕಿತ್ತದ್ದು, ಅಡುಗೆ ಕಟ್ಟೆಯ ಮೇಲೆ ಬಿಸಿ ಪಾತ್ರೆ ಇಟ್ಟು ಸುಟ್ಟದ್ದು ಹಾನಿ. ಜಪಾನಿನಲ್ಲಿ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ ತಿದ್ದುಪಡಿ ಇದನ್ನು ನೇರವಾಗಿ ಬರೆದೇ ಬಿಟ್ಟಿತು: ಸಾಮಾನ್ಯ ಬಳಕೆಯ ಸವಕಳಿಯನ್ನು ಸರಿಪಡಿಸುವ ಹೊಣೆ ಬಾಡಿಗೆದಾರನದಲ್ಲ. ಹಾನಿಯಾದರೂ ಹಳೆಯದಕ್ಕೆ ಹೊಸದರ ಬೆಲೆ ಕೇಳುವುದು ನ್ಯಾಯವಲ್ಲ. ಹತ್ತು ವರ್ಷ ಬಾಳುವ ಹಲಗೆ ಎಂಟನೇ ವರ್ಷ ಹಾಳಾದರೆ ಉಳಿದಿದ್ದ ಬೆಲೆ ಐದರಲ್ಲೊಂದು ಪಾಲು ಮಾತ್ರ. ಅವತ್ತು ನನಗೆ ಈ ಮಾತು ಹೊಳೆದಿದ್ದರೆ ಫೋಟೊ ಇಲ್ಲದೆಯೂ ವಾದಿಸಬಹುದಿತ್ತು.

ಫೋಟೊ ಅಂತೂ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಮಾಲೀಕರೇ ಫೋಟೊ ತೆಗೆದಿಡಬೇಕು ಅನ್ನುವ ನಿಯಮ ಬಂದಿದೆ. ಬೇರೆ ಕಡೆ ನೀವೇ ತೆಗೆಯಿರಿ, ಸಾಮಾನು ಇಳಿಸುವ ಮೊದಲೇ. ಗೋಡೆಗಿಂತ ಕಪಾಟಿನ ಒಳಗೆ, ಬಾಗಿಲ ಹಿಂದೆ, ಸಿಂಕ್ ಕೆಳಗೆ, ಕರೆಂಟು ಮತ್ತು ನೀರಿನ ಮೀಟರ್. ತೆಗೆದು ಫೋನಲ್ಲೇ ಇಟ್ಟುಕೊಂಡರೆ ಅರ್ಧ ಕೆಲಸ. ಅವತ್ತೇ ಮಾಲೀಕರಿಗೆ ಕಳಿಸಿ, "ಇವತ್ತು ಮನೆ ಹೀಗಿದೆ" ಅಂತ ಒಂದು ಸಾಲು ಬರೆದು. ದಿನಾಂಕವೂ ಸಿಕ್ಕಿತು, ಅವರಿಗೆ ತಲುಪಿದ್ದಕ್ಕೆ ಸಾಕ್ಷಿಯೂ ಸಿಕ್ಕಿತು.

ಕೊನೆಯ ತಿಂಗಳ ಬಾಡಿಗೆ ಕಟ್ಟದೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಅನ್ನುವ ಉಪಾಯ ತುಂಬಾ ಜನ ಹೇಳುತ್ತಾರೆ. ದುಡ್ಡು ಮಾಲೀಕರ ಕೈಲಿದ್ದು, ಅವರು ಬರವಣಿಗೆಯಲ್ಲಿ ಒಪ್ಪಿದರೆ ಸರಿ. ಒಪ್ಪದೆ ಮಾಡಿದರೆ ಬಾಡಿಗೆ ಬಾಕಿದಾರ ನೀವಾಗುತ್ತೀರಿ. ಮೂರನೆಯವರ ಬಳಿ ಇದ್ದರೆ ಈ ಉಪಾಯದ ಅಗತ್ಯವೇ ಇಲ್ಲ.

ಖಾಲಿ ಮಾಡಿದ ಮೇಲೆ ಕಡಿತದ ಪಟ್ಟಿಯನ್ನು ಮೆಸೇಜ್‌ನಲ್ಲೋ ಇಮೇಲ್‌ನಲ್ಲೋ ಕೇಳಿ, ಬಾಯಿಮಾತು ಬೇಡ. ಪಟ್ಟಿಯಲ್ಲಿ ನೀವು ಒಪ್ಪುವುದು ಇದ್ದರೆ ಒಪ್ಪಿಬಿಡಿ. ತಕರಾರು ಇರುವ ಮೊತ್ತವನ್ನು ಬೇರೆ ಮಾಡಿ, ತಕರಾರಿಲ್ಲದ ದುಡ್ಡು ಮೊದಲು ಹಾಕಿ ಅಂತ ಬರೆಯಿರಿ. ಇಂಗ್ಲೆಂಡಿನ ಯೋಜನೆಗಳು ಮಾಡುವುದೂ ಇದನ್ನೇ. ಮಾಲೀಕರಿಗೂ ಇದಕ್ಕೆ ಇಲ್ಲ ಅನ್ನಲು ಕಷ್ಟ. ಹತ್ತರಲ್ಲಿ ಒಂಬತ್ತು ಪಾಲು ಖಾತೆಗೆ ಬಂದ ಮೇಲೆ ಉಳಿದ ಒಂದು ಪಾಲಿಗೆ ನಿಧಾನವಾಗಿ ಮಾತಾಡಬಹುದು.